ಮಗನಿಗೆ ಫ್ಯಾಂಟಸಿ, ನನಗೆ ಆತ್ಮಕಥೆ: ಯಾವುದನ್ನು ಓದಬಹುದು?

ಶಿರಾದಿಂದ ಕೇಳಿದ್ದು:

ಮಗ ದ್ವಿತೀಯ ಪಿಯುಸಿ ಮುಗಿಸಿದ್ದಾನೆ. ಎರಡು ವರ್ಷ ಗೈಡು ಬಿಟ್ಟು ಬೇರೇನನ್ನೂ ಮುಟ್ಟಿದವನಲ್ಲ. ಈಗ ಫ್ಯಾಂಟಸಿ ಕಾದಂಬರಿ ಬೇಕು ಎನ್ನುತ್ತಾನೆ, ಇಂಗ್ಲಿಷ್ ಓದಬಲ್ಲ. ನನಗೆ ಆತ್ಮಕಥೆಗಳು ಇಷ್ಟ. ಇತ್ತೀಚೆಗೆ ಓದಿದವರು ಅನುಭವ ಹೇಳಿ. ಬೇಸರವಾದದ್ದನ್ನೂ ಮುಚ್ಚಿಡದೆ ಬರೆಯಿರಿ.

ತುಮಕೂರಿನಿಂದ:

ಅಕ್ಕ, ನಾನು ದಿನವೂ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುವವಳು. ಓದುವುದೆಲ್ಲ ಅಲ್ಲಿಯೇ. ಈ ವರ್ಷ ಓದಿದ್ದರಲ್ಲಿ ನಿಮ್ಮ ಮಗನಿಗೆ ಮೊದಲು ಕೊಡಬೇಕಾದದ್ದು ಉರ್ಸುಲಾ ಲೆ ಗ್ವಿನ್ ಅವರ ‘ಎ ವಿಜರ್ಡ್ ಆಫ್ ಅರ್ಥ್‌ಸೀ’. 1968ರ ಪುಸ್ತಕ, ದಪ್ಪವೇನೂ ಇಲ್ಲ. ಅಲ್ಲಿ ಪ್ರತಿಯೊಂದಕ್ಕೂ ಒಂದು ನಿಜನಾಮವಿದೆ. ಅದು ತಿಳಿದವನಿಗೆ ಆ ವಸ್ತು ವಶವಾಗುತ್ತದೆ. ಇಟ್ಟ ಹೆಸರು ಒಂದು, ಕರೆಯುವ ಹೆಸರು ಇನ್ನೊಂದು ಇರುವ ಮನೆಗಳಲ್ಲಿ ಬೆಳೆದ ನಮಗೆ ಇದು ಹೊಸದೆನಿಸುವುದಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಮಾತು: ಒಂದು ದ್ವೀಪಕ್ಕೆ ಮಂತ್ರದಿಂದ ಮಳೆ ಕರೆದರೆ ಇನ್ನೊಂದು ದ್ವೀಪದಲ್ಲಿ ಬರ ಬೀಳಬಹುದು ಎಂದು ಮಾಂತ್ರಿಕರಿಗೆ ಪಾಠವಾಗುತ್ತದೆ. ಶಿರಾ, ಪಾವಗಡದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ದಿನ ರೈಲು ನಿಡವಂದ ಸ್ಟೇಷನ್ ದಾಟಿದ್ದೇ ನನಗೆ ಗೊತ್ತಾಗಲಿಲ್ಲ.

ಬೇಸರವಾದದ್ದು ಎರಡು. ದ್ವೀಪಗಳ ಹೆಸರುಗಳು ಒಂದರ ಮೇಲೊಂದು ಬಂದು ತಲೆಯಲ್ಲಿ ನಿಲ್ಲುವುದಿಲ್ಲ. ಹೆಂಗಸರಿಗೆ ಅಲ್ಲಿ ಜಾಗ ಕಡಿಮೆ; ಹೆಂಗಸರ ಮಂತ್ರ ದುರ್ಬಲ ಎಂಬ ಆಡುಮಾತೇ ಆ ಲೋಕದಲ್ಲಿದೆ. 1990ರಲ್ಲಿ ಬಂದ ‘ತೆಹಾನು’ವಿನಲ್ಲಿ ಲೇಖಕಿ ಅದೇ ಲೋಕಕ್ಕೆ ಮರಳಿ, ಒಬ್ಬ ವಿಧವೆಯನ್ನೂ ಸುಟ್ಟಗಾಯಗಳ ಒಂದು ಮಗುವನ್ನೂ ನಡುವೆ ತಂದು ನಿಲ್ಲಿಸಿದ್ದಾರೆ. ನನಗೆ ಹೆಚ್ಚು ಹತ್ತಿರವಾದದ್ದು ಅದೇ. ಆದರೆ ಹದಿನೇಳರ ಹುಡುಗನಿಗೆ ಅದು ಆಮೇಲೆ ಸಾಕು.

ಸುಸಾನಾ ಕ್ಲಾರ್ಕ್ ಅವರ ‘ಪಿರಾನೇಸಿ’ (2020) ಮೊದಲ ಸಲ ಕೈಗೆತ್ತಿಕೊಂಡಾಗ ನಲವತ್ತು ಪುಟಕ್ಕೆ ಬಿಟ್ಟೆ. ಕೊನೆಯಿಲ್ಲದ ಹಜಾರಗಳ ಒಂದು ಮನೆ, ಎಲ್ಲೆಲ್ಲೂ ಶಿಲಾಮೂರ್ತಿಗಳು, ಕೆಳಗಿನ ಅಂತಸ್ತಿಗೆ ನುಗ್ಗುವ ಕಡಲು. ಮತ್ತೆ ಹಿಡಿದಾಗ ಬಿಡಲಾಗಲಿಲ್ಲ. ಆ ಮನೆಯಲ್ಲಿರುವವನು ಅಲ್ಲಿ ಸಿಕ್ಕ ಸತ್ತವರ ಮೂಳೆಗಳನ್ನು ಜೋಪಾನ ಮಾಡಿ, ಅವುಗಳ ಮುಂದೆ ಆಹಾರ, ನೀರು, ನೈದಿಲೆ ಇಟ್ಟು ಬರುತ್ತಾನೆ. ಅವರು ಯಾರೆಂದು ಅವನಿಗೆ ತಿಳಿಯದು. ಪಿತೃಪಕ್ಷದಲ್ಲಿ ಎಡೆ ಇಡುವವರಿಗೆ ಅದನ್ನು ಓದುವಾಗ ಗಂಟಲು ಕಟ್ಟುತ್ತದೆ. ಕೊನೆಯ ಭಾಗ ಮಾತ್ರ ಪತ್ತೇದಾರಿ ಕಥೆಯ ದಾರಿ ಹಿಡಿದು ನನ್ನ ಲೆಕ್ಕದಲ್ಲಿ ಕಳೆಗುಂದಿತು.

ಇನ್ನು ನಿಮ್ಮ ಪಾಲಿನದು. ಬರೆದವರು ತಮ್ಮನ್ನು ತಾವು ಎಷ್ಟು ಬಿಟ್ಟುಕೊಟ್ಟಿದ್ದಾರೆ ಎಂಬುದನ್ನೇ ನಾನು ಆತ್ಮಕಥೆಯಲ್ಲಿ ಮೊದಲು ನೋಡುತ್ತೇನೆ. ತಾರಾ ವೆಸ್ಟೋವರ್ ಅವರ ‘ಎಜುಕೇಟೆಡ್’ (2018) ಆ ಕಾರಣಕ್ಕೇ ಓದಬೇಕು. ಅಮೆರಿಕದ ಐಡಹೊ ಬೆಟ್ಟಗಳಲ್ಲಿ, ಗುಜರಿ ವ್ಯವಹಾರದ ಅಪ್ಪನ ಕೈಕೆಳಗೆ ಬೆಳೆದು, ಹದಿನೇಳನೆಯ ವಯಸ್ಸಿನಲ್ಲಿ ಮೊದಲ ಸಲ ತರಗತಿಯೊಳಗೆ ಕಾಲಿಟ್ಟವರು. ಅಣ್ಣನಿಗೆ ಬೆಂಕಿ ತಗುಲಿದ ದಿನವನ್ನು ಬರೆದು, ಮನೆಯವರ ನೆನಪು ತನ್ನ ನೆನಪಿಗೆ ಹೊಂದುವುದಿಲ್ಲ ಎಂದು ತಾವೇ ಟಿಪ್ಪಣಿ ಹಾಕುತ್ತಾರೆ. ಅಪಘಾತಗಳು ಒಂದರ ಹಿಂದೆ ಒಂದು ಬಂದು ದಣಿಸುತ್ತವೆ, ಅದು ನಿಜ.

ಅದಕ್ಕಿಂತ ಮೊದಲು ಸಿದ್ದಲಿಂಗಯ್ಯನವರ ‘ಊರುಕೇರಿ’ ಓದಿ. ಇಬ್ಬರು ಹೆಗಲ ಮೇಲೆ ನೊಗ ಹೊತ್ತು ಎತ್ತುಗಳಂತೆ ಎಳೆಯುತ್ತಿದ್ದಾರೆ, ಹಿಂದೆ ಒಬ್ಬ ನೇಗಿಲು ಹಿಡಿದಿದ್ದಾನೆ. ಎಳೆಯುತ್ತಿರುವವರಲ್ಲಿ ಒಬ್ಬರು ಸಿದ್ದಲಿಂಗಯ್ಯನವರ ಅಪ್ಪ. ಆ ಚಿತ್ರದ ಮೇಲೆ ಲೇಖಕರು ಒಂದು ಹನಿ ಕಣ್ಣೀರನ್ನೂ ಸುರಿಸುವುದಿಲ್ಲ. ನಾನು ಪುಸ್ತಕ ಮಡಚಿ ಕಿಟಕಿಯ ಕಡೆ ತಿರುಗಿ ಕುಳಿತೆ.

ಮುಳಬಾಗಿಲಿನಿಂದ:

ತುಮಕೂರಿನ ಸೋದರಿಯ ಮಾತನ್ನು ಅರ್ಧ ಒಪ್ಪುತ್ತೇನೆ. ತನ್ನನ್ನು ಬಿಚ್ಚಿಡುವುದೊಂದೇ ಪ್ರಾಮಾಣಿಕತೆಯಲ್ಲ. ನಮ್ಮೂರಿನಲ್ಲಿ 1887ರಲ್ಲಿ ಹುಟ್ಟಿದ ಡಿವಿಜಿ ಎಂಟು ಸಂಪುಟಗಳ ‘ಜ್ಞಾಪಕ ಚಿತ್ರಶಾಲೆ’ಯಲ್ಲಿ ಬರೆದದ್ದು ತಾವು ಕಂಡ ಇತರರನ್ನು ಕುರಿತು. ಡಿವಿಜಿ ತಾವು ಬಾಗಿಲ ಮರೆಯಲ್ಲಿ ನಿಂತಿರುತ್ತಾರೆ. ಓದುತ್ತ ಹೋದಂತೆ ಅವರೂ ಕಾಣಿಸುತ್ತಾರೆ. ಎಲ್ಲವನ್ನೂ ಒಟ್ಟಿಗೆ ತರಬೇಡಿ, ಭಾಷೆ ಇಂದಿನವರಿಗೆ ನಿಧಾನವೆನಿಸುತ್ತದೆ. ‘ಹೃದಯಸಂಪನ್ನರು’ ಸಂಪುಟದಿಂದ ಆರಂಭಿಸಿ. ದಿವಾನರ ಸಂಪುಟ ಆಡಳಿತದಲ್ಲಿ ಆಸಕ್ತಿ ಇದ್ದವರಿಗೆ.

ಗೌರಿಬಿದನೂರಿನಿಂದ:

ನಮ್ಮ ತಾಲ್ಲೂಕಿನ ಹೊಸೂರಿನವರಾದ ಎಚ್. ನರಸಿಂಹಯ್ಯನವರ ‘ಹೋರಾಟದ ಹಾದಿ’ಯನ್ನು ತಾಯಿ, ಮಗ ಇಬ್ಬರೂ ಓದಬಹುದು. ರೈಲಿಗೆ ಹಣವಿಲ್ಲದೆ ಓದಲು ಬೆಂಗಳೂರಿಗೆ ನಡೆದೇ ಹೋದ ಹುಡುಗ, ಮುಂದೆ ಭೌತವಿಜ್ಞಾನದ ಮೇಷ್ಟ್ರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಬಾಲ್ಯದ ಪುಟಗಳು ನನಗೆ ಬಾಯಿಪಾಠವೇ ಆಗಿವೆ. ಸಂಸ್ಥೆಗಳ ವಿವರ ಬಂದಾಗ ಸ್ವಲ್ಪ ಬೇಗ ಬೇಗ ಪುಟ ತಿರುಗಿಸಿದೆ.

ಶಿರಾದಿಂದ, ಮೂರು ವಾರದ ನಂತರ:

ಎಲ್ಲರಿಗೂ ನಮಸ್ಕಾರ. ಮಗ ಅರ್ಥ್‌ಸೀಯ ಅರ್ಧ ದಾಟಿದ್ದಾನೆ. ದ್ವೀಪಗಳ ಹೆಸರು ನೆನಪಿಟ್ಟುಕೊಳ್ಳಲು ಕೆಮಿಸ್ಟ್ರಿ ಗೈಡಿನ ಹಿಂದಿನ ಖಾಲಿ ಹಾಳೆಯಲ್ಲಿ ಪಟ್ಟಿ ಬರೆದುಕೊಂಡಿದ್ದಾನೆ. ನಾನು ‘ಊರುಕೇರಿ’ ಮುಗಿಸಿ ಅತ್ತೆಯವರಿಗೆ ಓದಿ ಹೇಳುತ್ತಿದ್ದೇನೆ. ನೊಗದ ಪುಟ ಕೇಳಿ ಅವರು ಇನ್ನೊಂದು ಸಲ ಓದು ಎಂದರು. ‘ಹೋರಾಟದ ಹಾದಿ’ ಮಾತ್ರ ಇಲ್ಲಿ ಸಿಗಲಿಲ್ಲ. ಗೌರಿಬಿದನೂರಿನವರೇ, ನಿಮ್ಮ ಪ್ರತಿಯನ್ನು ಹದಿನೈದು ದಿನದ ಮಟ್ಟಿಗೆ ಕೊಡುವುದಾದರೆ ಮಧುಗಿರಿ ಮೇಲಿನ ಬಸ್ಸಿನಲ್ಲಿ ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.