ಶುಂಠಿ ಸೋಡಾ, ಕೊಂಬುಚಾ ಮನೆಯಲ್ಲೇ ಹುದುಗಿಸಲಿಕ್ಕೆ ಎಂತೆಂತ ಸಾಮಾನು ಬೇಕು? ಗೊತ್ತಿದ್ದವರು ಹೇಳಿ

ಬದಿಯಡ್ಕದಿಂದ (ಕೇಳಿದವರು)

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಬಿಯರ್ ಮಾಡುವ ಸೆಟ್ಟುಗಳನ್ನು ವಿಡಿಯೋಗಳಲ್ಲಿ ನೋಡಿ ಆಸೆ ಆಗಿತ್ತು. ಕೇರಳದಲ್ಲಿ ಅದಕ್ಕೆ ಅವಕಾಶ ಇಲ್ಲ ಅಂತ ಗೊತ್ತಾದ ಮೇಲೆ ಅದೇ ನಮೂನೆಯ ಸಾಮಾನಿನಲ್ಲಿ ಶುಂಠಿ ಸೋಡಾ ಮತ್ತು ಕೊಂಬುಚಾ (ಸಿಹಿ ಚಹಾ ಹುದುಗಿಸಿದ ಹುಳಿ ಪಾನೀಯ) ಮಾಡುವ ಅಂತ ಯೋಚನೆ. ಒಂದು ಸಲಕ್ಕೆ 5 ಲೀಟರ್ ಸಾಕು. ಬಾವಿ ನೀರು ಉಂಟು. ಏಪ್ರಿಲಿನಲ್ಲಿ ಅಡುಗೆಮನೆ 33 ಡಿಗ್ರಿ ಇರ್ತದೆ. ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದು ಬೇಡ? ಬಾಟ್ಲಿ ಒಡೆಯುವ ಹೆದರಿಕೆಯೂ ಉಂಟು.

ಪೆರ್ಲದಿಂದ

ಅಣ್ಣ, ಪಾತ್ರೆಗೆ ಜಾಸ್ತಿ ಖರ್ಚು ಮಾಡಬೇಡಿ. ನಮ್ಮ ಕಡೆ ಕೆಲಸ ಕೆಡಿಸುವುದು ಸೆಕೆ ಮತ್ತು ಬಾಟ್ಲಿ. ದುಡ್ಡು ಅಲ್ಲಿಗೆ ಇರಲಿ.

ಕುದಿಸಲಿಕ್ಕೆ 8–10 ಲೀಟರಿನ ಸ್ಟೀಲ್ ಪಾತ್ರೆ, ಹುದುಗಿಸಲಿಕ್ಕೆ ಅಗಲ ಬಾಯಿಯ 6 ಲೀಟರಿನ ಗಾಜಿನ ಭರಣಿ. ಅಂಗೈ ಒಳಗೆ ಹೋಗುವಷ್ಟು ಬಾಯಿ ಬೇಕೇ ಬೇಕು, ಇಲ್ಲದಿದ್ದರೆ ಅಡಿಯ ಮೂಲೆ ತೊಳೆಯಲಿಕ್ಕೆ ಬರುವುದಿಲ್ಲ. 20 ಲೀಟರಿನ ಕುಡಿಯುವ ನೀರಿನ ಕ್ಯಾನು ಇದೇ ಕಾರಣಕ್ಕೆ ಆಗುವುದಿಲ್ಲ. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ ಬೇಡವೇ ಬೇಡ. ಹುಳಿ ಏರಿದ ಹಾಗೆ ಲೋಹ ಕರಗಿ ನೀರಿಗೆ ಬರ್ತದೆ. ಅಜ್ಜಿಯ ಕಾಲದ ಉಪ್ಪಿನಕಾಯಿ ಭರಣಿ ನೋಡ್ಲಿಕ್ಕೆ ಚಂದ, ಆದರೆ ಹಳೆಯ ಮೆರುಗಿನಲ್ಲಿ ಸೀಸ ಇರಬಹುದು, ಅದನ್ನೂ ಬಿಡಿ.

ಟ್ಯಾಪ್ ಇರುವ ಭರಣಿ ತೆಗೊಳ್ಳುವುದಾದರೆ ಟ್ಯಾಪನ್ನು ಬಿಚ್ಚಿ ನೋಡಿ. ಹೊರಗೆ ಬೆಳ್ಳಿ ಹಾಗೆ ಹೊಳೆಯುವ ಎಷ್ಟೋ ಟ್ಯಾಪುಗಳ ಒಳಗೆ ಹಿತ್ತಾಳೆ ಇರ್ತದೆ, ಹೊರಗಿನದು ಬರೀ ಕ್ರೋಮಿಯಂ ಲೇಪ. ಪೂರ್ತಿ ಸ್ಟೀಲಿನದ್ದು ಅಥವಾ ಆಹಾರಕ್ಕೆ ಆಗುವ ಪ್ಲಾಸ್ಟಿಕ್ಕಿನದ್ದು ಹಾಕಿ. ವಾಷರ್ ಸಿಲಿಕೋನಿನದ್ದಾಗಲಿ.

ಉಳಿದದ್ದು ಸಣ್ಣಪುಟ್ಟ: 1 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ, ಥರ್ಮಾಮೀಟರ್, ಒಂದೂವರೆ ಮೀಟರ್ ಸಿಲಿಕೋನ್ ನಳಿಕೆ, ಸ್ಟೀಲ್ ಜಾಲರಿ, ಲಾಳಿಕೆ.

ಕಾಸರಗೋಡು ಪೇಟೆಯಿಂದ

ಕಾನೂನಿನ ಮಾತು ಒಮ್ಮೆ ಸ್ಪಷ್ಟ ಆಗಲಿ. ಕೇರಳದ ಅಬ್ಕಾರಿ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸಿದರೆ 10 ವರ್ಷದವರೆಗೆ ಜೈಲು, ಕನಿಷ್ಠ 1 ಲಕ್ಷ ರೂಪಾಯಿ ದಂಡ. ಆಹಾರ ಸುರಕ್ಷಾ ಪ್ರಾಧಿಕಾರದ 2018ರ ನಿಯಮದಲ್ಲಿ ಆಲ್ಕೋಹಾಲ್ ಶೇ. 0.5 ಮೀರಿದರೆ ಅದು ಮದ್ಯ. ಶುಂಠಿ ಸೋಡಾವನ್ನು ಸೆಕೆಯಲ್ಲಿ ಎರಡು ದಿನ ಮರೆತುಬಿಟ್ಟರೆ ಈ ಗೆರೆ ದಾಟುವುದು ಏನೂ ಕಷ್ಟ ಅಲ್ಲ. ಹಾಗಾಗಿ ಅಳತೆ ಬೇಕು.

ಲೆಕ್ಕ ಹೀಗೆ: ಒಂದು ಲೀಟರಿನಲ್ಲಿ ಸುಮಾರು 8 ಗ್ರಾಂ ಸಕ್ಕರೆ ಹುದುಗಿದರೆ ಶೇ. 0.5 ಆಲ್ಕೋಹಾಲ್, ಜೊತೆಗೆ ಸುಮಾರು 4 ಗ್ರಾಂ ಕಾರ್ಬನ್ ಡೈಆಕ್ಸೈಡ್. ಆ 4 ಗ್ರಾಂ ಗ್ಯಾಸು ಕುಡಿಯಲಿಕ್ಕೆ ಧಾರಾಳ ಸಾಕು. ಅಂದರೆ ಸೋಡಾ ಚೆನ್ನಾಗಿ ಬುಸುಗುಟ್ಟುವ ಹೊತ್ತಿಗೆ ನೀವು ಗೆರೆಯ ಹತ್ತಿರ ಬಂದಿರುತ್ತೀರಿ.

ಹೈಡ್ರೋಮೀಟರಿನಲ್ಲಿ (ದ್ರವದಲ್ಲಿ ತೇಲಿಬಿಟ್ಟು ಸಾಂದ್ರತೆ ಓದುವ ಗಾಜಿನ ಕೊಳವೆ) ಇದು 0.004ರ ಇಳಿತ. ಬಿಯರಿಗೆ ಅಂತ ಮಾರುವ ಹೈಡ್ರೋಮೀಟರಿನ ಗೆರೆಗಳು ಒತ್ತೊತ್ತಾಗಿ ಇರುವುದರಿಂದ ಇಷ್ಟು ಸಣ್ಣ ವ್ಯತ್ಯಾಸ ಕಣ್ಣಿಗೆ ಸಿಗುವುದು ಕಷ್ಟ. ಅದರ ಬದಲು ಹಾಲಿನ ಸೊಸೈಟಿಯಲ್ಲಿ ಬಳಸುವ ಲ್ಯಾಕ್ಟೋಮೀಟರ್ ತೆಗೊಳ್ಳಿ, 0ಯಿಂದ 40ರವರೆಗೆ ಗೆರೆ ಇದ್ದದ್ದು. ಅದರ ಒಂದೊಂದು ಗೆರೆಯೂ 0.001. ಲೀಟರಿಗೆ 60 ಗ್ರಾಂ ಸಕ್ಕರೆ ಹಾಕಿದ ನೀರು ಅದರಲ್ಲಿ 22–23 ತೋರಿಸುತ್ತದೆ. 3 ಗೆರೆ ಇಳಿದ ಕೂಡಲೇ ಬಾಟ್ಲಿಗಳೆಲ್ಲ ಫ್ರಿಜ್ಜಿಗೆ ಹೋಗಬೇಕು.

ಇದರಲ್ಲಿ ಎರಡು ಕಡೆ ತಪ್ಪುತ್ತದೆ. ಗ್ಯಾಸು ಇರುವ ನೀರಿನಲ್ಲಿ ಗುಳ್ಳೆಗಳು ಕೊಳವೆಗೆ ಅಂಟಿ ಮೇಲೆತ್ತುತ್ತವೆ, ಇಳಿತ ಕಾಣುವುದೇ ಇಲ್ಲ. ಎರಡು ಲೋಟಗಳ ನಡುವೆ ಹದಿನೈದಿಪ್ಪತ್ತು ಸಲ ಹೊಯ್ದು ಗ್ಯಾಸು ಬಿಡಿಸಿ ಅಳೆಯಿರಿ. ಇನ್ನೊಂದು, ಎರಡೂ ಅಳತೆ ಒಂದೇ ಉಷ್ಣತೆಯಲ್ಲಿ ಆಗಬೇಕು. 20 ಡಿಗ್ರಿಯಿಂದ 30ಕ್ಕೆ ಹೋದರೆ ನೀರೇ 0.0025ರಷ್ಟು ಹಗುರ ಆಗ್ತದೆ. ಆಮೇಲೆ ಅದು ಹುದುಗಿದ್ದೋ ಬಿಸಿಯಾದದ್ದೋ ಹೇಗೆ ಹೇಳುವುದು?

ಕೊಂಬುಚಾಕ್ಕೆ ಈ ಲೆಕ್ಕ ಹಿಡಿಯುವುದಿಲ್ಲ. ಅಲ್ಲಿ ಹುಟ್ಟಿದ ಆಲ್ಕೋಹಾಲನ್ನು ಬ್ಯಾಕ್ಟೀರಿಯಾ ಹುಳಿ ಮಾಡುತ್ತಾ ಹೋಗುತ್ತದೆ. ಅಲ್ಲಿ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) ನೋಡಬೇಕು. ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ 2.5–4.5ರ ಸುತ್ತಿನ ಪಿಎಚ್ ಕಾಗದದ ಪಟ್ಟಿ ಕೇಳಿ. 1ರಿಂದ 14ರವರೆಗಿನ ಪಟ್ಟಿಯಲ್ಲಿ 3ಕ್ಕೂ 4ಕ್ಕೂ ಬಣ್ಣದ ವ್ಯತ್ಯಾಸ ಗೊತ್ತಾಗದು.

ಕುಂಬಳೆಯಿಂದ

ಕೊಂಬುಚಾದ ಪ್ರಮಾಣ ನಾನು ಹೇಳ್ತೇನೆ. 5 ಲೀಟರಿಗೆ ಚಹಾಪುಡಿ 35 ಗ್ರಾಂ, ಸಕ್ಕರೆ 325 ಗ್ರಾಂ, ಹಿಂದಿನ ಸಲದ ಹುಳಿ ಕೊಂಬುಚಾ 750 ಮಿ.ಲೀ., ಮೇಲೆ ತಾಯಿಪದರ (ಬ್ಯಾಕ್ಟೀರಿಯಾ, ಯೀಸ್ಟು ಸೇರಿ ಕಟ್ಟುವ ಲೋಳೆ ಪದರ). ಮಸಾಲೆ ಹಾಕಿದ ಚಹಾಪುಡಿ ಬೇಡ, ಏಲಕ್ಕಿ ಲವಂಗದ ಎಣ್ಣೆ ಪದರಕ್ಕೆ ಹಿಡಿಸುವುದಿಲ್ಲ. ಒಂದೂವರೆ ಲೀಟರ್ ನೀರು ಕುದಿಸಿ ಚಹಾಪುಡಿ ಹಾಕಿ 10 ನಿಮಿಷ ಬಿಟ್ಟು ಸೋಸಿ. ಸಕ್ಕರೆ ಕರಗಿಸಿ, ಕುದಿಸಿ ಆರಿಸಿದ ನೀರಿನಿಂದ ಉಳಿದ ಅಳತೆ ತುಂಬಿಸಿ. 30 ಡಿಗ್ರಿಗೆ ಇಳಿದ ಮೇಲೆಯೇ ಹುಳಿ ಮತ್ತು ಪದರ ಹಾಕುವುದು. ಆಗ ಪಿಎಚ್ 4.5ಕ್ಕಿಂತ ಕೆಳಗೆ ಇರಲೇಬೇಕು. ಇಲ್ಲದಿದ್ದರೆ ಇನ್ನೂ 200 ಮಿ.ಲೀ. ಹುಳಿ ಸೇರಿಸಿ. ಬೂಸಲು ಬರದ ಹಾಗೆ ಕಾಯುವುದು ಈ ಆರಂಭದ ಹುಳಿ. ಜನ ಪದರ ದಪ್ಪ ಇದೆಯಾ ಅಂತ ನೋಡ್ತಾರೆ, ಹುಳಿ ಅಳೆಯುವುದಿಲ್ಲ.

ಇದಕ್ಕೆ ಗಾಳಿ ಬೇಕು, ಬಿಯರಿನ ಸೆಟ್ಟಿನಲ್ಲಿ ಬರುವ ಏರ್‌ಲಾಕ್ (ಗ್ಯಾಸು ಹೊರಗೆ ಬಿಟ್ಟು ಗಾಳಿ ಒಳಗೆ ಬಿಡದ ಮುಚ್ಚಳ) ಇಲ್ಲಿ ಉಪಯೋಗ ಇಲ್ಲ. ಬಾಯಿಗೆ ಬಟ್ಟೆ. ತೆಳು ಜಾಳು ಬಟ್ಟೆಯ ತೂತಿನಲ್ಲಿ ಹಣ್ಣಿನ ನೊಣ ಸಲೀಸಾಗಿ ನುಗ್ಗಿ ಮೊಟ್ಟೆ ಇಡ್ತದೆ. ಹಲಸು ಮಾವಿನ ಕಾಲದಲ್ಲಿ ಕೇಳುವುದೇ ಬೇಡ. ಒಗೆದು ಒಣಗಿಸಿದ ಹಳೇ ಬೈರಾಸನ್ನು (ಟವೆಲ್) ಎರಡು ಮಡಿಕೆ ಮಾಡಿ, ರಬ್ಬರ್ ಬ್ಯಾಂಡ್ ಬಿಗಿಯಾಗಿ ಹಾಕಿ. ಮಡಿಕೆಯ ಸುಕ್ಕಿನಲ್ಲಿ ಸಂದು ಉಳಿದಿದೆಯಾ ಅಂತ ಬೆರಳಾಡಿಸಿ ನೋಡಿ.

ಪುಸ್ತಕದಲ್ಲಿ 7ರಿಂದ 14 ದಿನ ಅಂತ ಇರುವುದು 24–26 ಡಿಗ್ರಿಯ ಲೆಕ್ಕ. ನಮ್ಮ ಬೇಸಿಗೆಯಲ್ಲಿ ನಾಲ್ಕನೇ ದಿನದಿಂದಲೇ ರುಚಿ ನೋಡಲಿಕ್ಕೆ ಶುರು ಮಾಡಿ, ಪಿಎಚ್ 3ರ ಆಸುಪಾಸು ಬಂದಾಗ ತೆಗೆಯಿರಿ. ಅಡಿಯಲ್ಲಿ ಕಂದು ಎಳೆ ನೇತಾಡುವುದು ಯೀಸ್ಟು, ಹೆದರಬೇಡಿ. ಮೇಲೆ ಒಣಗಿದ ಹಾಗೆ, ರೋಮ ರೋಮವಾಗಿ ಬಿಳಿಯೋ ಹಸುರೋ ಕಪ್ಪೋ ಮಚ್ಚೆ ಬಂದರೆ ಅದು ಬೂಸಲು. ಪದರ ತೊಳೆದು ಉಳಿಸಲಿಕ್ಕೆ ಹೋಗಬೇಡಿ, ಪದರವೂ ನೀರೂ ಎರಡೂ ಚೆಲ್ಲಬೇಕು. ಗರ್ಭಿಣಿಯರಿಗೂ ರೋಗನಿರೋಧಕ ಶಕ್ತಿ ಕುಂದಿದವರಿಗೂ ಇದನ್ನು ಕೊಡಬೇಡಿ.

ಮಂಜೇಶ್ವರದಿಂದ

ಬಾಟ್ಲಿ ವಿಷಯ. ಪೇಟೆಯವರು ಹೇಳಿದ 4 ಗ್ರಾಂ ಗ್ಯಾಸು 30 ಡಿಗ್ರಿಯಲ್ಲಿ ಮುಚ್ಚಿದ ಬಾಟ್ಲಿಯೊಳಗೆ ಸುಮಾರು 3 ಬಾರ್ ಒತ್ತಡ ಹುಟ್ಟಿಸುತ್ತದೆ. ಕಾರಿನ ಟಯರಿನಲ್ಲಿ ಇರುವುದು ಸುಮಾರು 2.2 ಬಾರ್. ಅದೇ ಬಾಟ್ಲಿ ಫ್ರಿಜ್ಜಿನಲ್ಲಿ 4 ಡಿಗ್ರಿಗೆ ಇಳಿದರೆ ಒತ್ತಡ ಅರ್ಧಕ್ಕೂ ಕಡಿಮೆ ಆಗ್ತದೆ, ಯಾಕೆಂದರೆ ತಣ್ಣಗಿನ ನೀರು ಹೆಚ್ಚು ಗ್ಯಾಸು ಹೀರಿಕೊಳ್ಳುತ್ತದೆ. ಲೀಟರಿಗೆ ಹಾಕಿದ 60 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ ಮಾತ್ರ ಒತ್ತಡ 20 ಬಾರ್ ಮೀರುತ್ತದೆ. ಅದನ್ನು ತಡೆಯುವ ಬಾಟ್ಲಿ ನಿಮಗೆ ಸಿಗುವುದಿಲ್ಲ.

ಹೊಸಬರಿಗೆ ನನ್ನ ಮಾತು ಒಂದೇ: ಮೊದಲ ಆರು ತಿಂಗಳು ಗಾಜು ಮುಟ್ಟಬೇಡಿ. ಸೋಡಾ, ಕೋಲಾದ ಪೆಟ್ (ಪ್ಲಾಸ್ಟಿಕ್) ಬಾಟ್ಲಿ ಸಾಕು. ನೀರಿನ ಬಾಟ್ಲಿ ಅಲ್ಲ, ಅದು ತೆಳು. ಸೋಡಾ ಬಾಟ್ಲಿಯ ಅಡಿ ಐದು ಉಬ್ಬಿನ ಹೂವಿನ ಹಾಗೆ ಇರುವುದು ಒತ್ತಡ ತಡೆಯಲಿಕ್ಕೇ. ತುಂಬಿಸುವಾಗ ಮೇಲೆ 3 ಸೆಂ.ಮೀ. ಖಾಲಿ ಬಿಡಿ. ಆರು ಗಂಟೆಗೊಮ್ಮೆ ಹೊಟ್ಟೆ ಅದುಮಿ ನೋಡಿ. ಹೊಸ ಸೋಡಾ ಬಾಟ್ಲಿಯಷ್ಟು ಗಟ್ಟಿ ಆಯಿತೋ, ಫ್ರಿಜ್ಜಿಗೆ. ಏಪ್ರಿಲಿನಲ್ಲಿ ಒಂದು ದಿನದೊಳಗೇ ಗಟ್ಟಿ ಆಗಬಹುದು, ಜುಲೈಯಲ್ಲಿ ಎರಡು ದಿನ. ಕುದಿನೀರು ಮಾತ್ರ ಇದಕ್ಕೆ ಹಾಕಬೇಡಿ, ಮುದುಡಿ ಹೋಗ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಒಳಗೆ ಗೀಚಿದ ಬಾಟ್ಲಿ ಎಸೆಯಿರಿ.

ಗಾಜೇ ಬೇಕಾದರೆ ಗ್ಯಾಸಿನ ಪಾನೀಯಕ್ಕೇ ಮಾಡಿದ ದಪ್ಪ, ಉರುಟಾದ, ತಂತಿ ಮುಚ್ಚಳದ ಬಾಟ್ಲಿ. ಚೌಕದ್ದು ಎಷ್ಟು ಚಂದ ಇದ್ದರೂ ಬೇಡ, ಮೂಲೆಯಲ್ಲಿ ಬಿರುಕು ಬಿಡ್ತದೆ. ಪ್ರತಿ ಸಲವೂ ಒಂದು ಪೆಟ್ ಬಾಟ್ಲಿ ಜೊತೆಗೆ ತುಂಬಿಸಿ ಇಡಿ. ಅದು ಗಟ್ಟಿ ಆದರೆ ಗಾಜಿನವೂ ಆದ ಹಾಗೆ, ಅಳತೆ ನೋಡಲಿಕ್ಕೂ ಅದನ್ನೇ ತೆರೆಯಿರಿ. ಬಾಟ್ಲಿಗಳನ್ನು ಮುಚ್ಚಳ ಇರುವ ಗಟ್ಟಿ ಡಬ್ಬಿಯೊಳಗೆ ಇಡಿ, ಮಕ್ಕಳು ಓಡಾಡುವಲ್ಲಿ ಬೇಡ.

ಮಾವಿನ ತಿರುಳು ಹಾಕುವವರು ಜಾಗ್ರತೆ. ತಿರುಳಿನ ನಾರಿಗೆ ಗ್ಯಾಸು ಅಂಟಿಕೊಂಡು ತೆರೆಯುವಾಗ ಅರ್ಧ ಬಾಟ್ಲಿ ಛಾವಣಿಗೆ ಹಾರುತ್ತದೆ. ಸೋಸಿದ ರಸ, ಅದೂ ಲೀಟರಿಗೆ 50 ಮಿ.ಲೀ. ಮೀರದ ಹಾಗೆ. ಪುನರ್ಪುಳಿ ಈ ವಿಷಯದಲ್ಲಿ ಬಹಳ ಒಳ್ಳೆಯದು. ಸಿಪ್ಪೆ ನೆನೆಸಿ ಸೋಸಿದ ನೀರಿನಲ್ಲಿ ತಿರುಳಿಲ್ಲ, ಹುಳಿಯೂ ಸಿಗ್ತದೆ, ಬಣ್ಣವಂತೂ ಕೇಳುವುದು ಬೇಡ.

ಮುಳ್ಳೇರಿಯದಿಂದ

ಸೆಕೆಗೆ ಎರಡು ದಾರಿ. ಖರ್ಚಿಲ್ಲದ್ದು: ದೊಡ್ಡ ಟಬ್ಬಿನಲ್ಲಿ ನೀರು, ಅದರಲ್ಲಿ ಭರಣಿ. ಭರಣಿಯದ್ದೂ ಸೇರಿ 20 ಲೀಟರ್ ಆದರೆ, 1 ಕಿಲೋ ಮಂಜುಗಡ್ಡೆ ಕರಗುವಾಗ ಸುಮಾರು 4 ಡಿಗ್ರಿ ಇಳಿಯುತ್ತದೆ. ಬಾಟ್ಲಿಗೆ ಮುಕ್ಕಾಲಷ್ಟೇ ನೀರು ತುಂಬಿಸಿ ಫ್ರೀಜರಿನಲ್ಲಿಡಿ, ಬೆಳಿಗ್ಗೆ ಒಂದು, ಸಂಜೆ ಒಂದು ಬದಲಿಸಿ. ಒದ್ದೆ ಗೋಣಿ ಸುತ್ತುವುದು ಬಯಲುಸೀಮೆಯ ಒಣಗಾಳಿಗೆ ಸರಿ. ನಮ್ಮ ಕರಾವಳಿಯ ತೇವಕ್ಕೆ ಗೋಣಿ ಒಣಗುವುದೇ ಇಲ್ಲ, ತಣ್ಣಗೂ ಆಗುವುದಿಲ್ಲ.

ಖರ್ಚಿನದ್ದು: ಹಳೇ ಫ್ರಿಜ್ಜು, ಅದಕ್ಕೊಂದು ಎಸ್‌ಟಿಸಿ-1000 ತಾಪ ನಿಯಂತ್ರಕ. ಫ್ರಿಜ್ಜಿನ ಪ್ಲಗ್ಗು ಇದರ ಮೂಲಕ ಹೋಗಬೇಕು, ಫ್ರಿಜ್ಜಿನ ಸ್ವಂತ ಗುಂಡಿಯನ್ನು ಅತಿ ತಣ್ಣಗಿನಲ್ಲಿ ಇಡಿ. ಎಫ್1 (ಬೇಕಾದ ಉಷ್ಣತೆ) 25 ಡಿಗ್ರಿ, ಎಫ್2 (ಏರಿಳಿತದ ಮಿತಿ) 1 ಡಿಗ್ರಿ, ಎಫ್3 (ಕಂಪ್ರೆಸರ್ ಕಾಯುವ ಹೊತ್ತು) 5 ನಿಮಿಷ. ಈ ಎಫ್3 ಮರೆಯಬೇಡಿ. ಕರೆಂಟು ಹೋಗಿ ತಕ್ಷಣ ಬಂದರೆ ಒತ್ತಡ ಇಳಿಯುವ ಮೊದಲೇ ಕಂಪ್ರೆಸರ್ ಓಡಲಿಕ್ಕೆ ಹೋಗಿ ಸುಡುತ್ತದೆ. ಸೆನ್ಸರನ್ನು ಗಾಳಿಯಲ್ಲಿ ನೇತುಹಾಕಬೇಡಿ. ಭರಣಿಯ ಹೊಟ್ಟೆಗೆ ಟೇಪಿನಲ್ಲಿ ಅಂಟಿಸಿ ಮೇಲೆ ಥರ್ಮೋಕೋಲ್ ತುಂಡು ಒತ್ತಿ ಕಟ್ಟಿ. ವಯರಿಗೆ ತೂತು ಕೊರೆಯುವುದು ಬೇಡ, ಗೋಡೆಯೊಳಗೆ ಗ್ಯಾಸಿನ ಪೈಪು ಇರ್ತದೆ, ಬಾಗಿಲಿನ ರಬ್ಬರಿನ ಸಂದಿನಲ್ಲೇ ವಯರು ಹೋಗಲಿ. ವಯರಿಂಗ್ ಬಾರದಿದ್ದರೆ ಎಲೆಕ್ಟ್ರಿಶಿಯನ್ನರನ್ನು ಕರೆಯಿರಿ, ಮೈಗೆ 230 ವೋಲ್ಟ್ ಹೊಡೆಯಬಹುದಾದ ಕೆಲಸ.

ಬದಿಯಡ್ಕದಿಂದ

ತುಂಬ ಉಪಕಾರ ಆಯಿತು. ಇನ್ನೂ ಮೂರು ಸಂಶಯ. ನಮ್ಮ ಬಾವಿ ನೀರಿಗೆ ಚಹಾ ಹಾಕಿದರೆ ಕಪ್ಪು ಕಪ್ಪಾಗ್ತದೆ, ತೊಂದರೆ ಉಂಟಾ? ತೊಳೆಯಲಿಕ್ಕೆ ಬ್ಲೀಚ್ ಸಾಕಾ? ಮತ್ತೆ, ಶುಂಠಿಯ ಹುದುಗನ್ನು (ಸೋಡಾಕ್ಕೆ ಹಾಕುವ ಯೀಸ್ಟಿನ ಮೂಲ) ಬೆಲ್ಲದಲ್ಲಿ ಮಾಡಬಹುದಾ?

ಪೆರ್ಲದಿಂದ

ಕಪ್ಪಾಗುವುದು ಕಬ್ಬಿಣದ ಅಂಶಕ್ಕೆ, ಚಹಾದ ಒಗರು ಅದಕ್ಕೆ ಸೇರಿ ಶಾಯಿ ಬಣ್ಣ ಬರ್ತದೆ. ನೀರನ್ನು ಎತ್ತರದಿಂದ ನಾಲ್ಕೈದು ಸಲ ಹೊಯ್ದು, ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿ ತೆಗೆದು ಬಟ್ಟೆಯಲ್ಲಿ ಸೋಸಿ. ಸುರಂಗದ (ಗುಡ್ಡಕ್ಕೆ ಅಡ್ಡಲಾಗಿ ಕೊರೆದದ್ದು) ನೀರು ಹತ್ತಿರ ಸಿಗುವುದಾದರೆ ಅದರಲ್ಲೂ ಒಂದು ಲೋಟ ಚಹಾ ಮಾಡಿ ಬಣ್ಣ ನೋಡಿ. ಯಾವುದಾದರೂ ಕುದಿಸಿಯೇ ಬಳಸಿ. ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದ್ದರೆ ಮುಚ್ಚಳ ತೆರೆದಿಟ್ಟು 15 ನಿಮಿಷ ಕುದಿಸಬೇಕು, ಕ್ಲೋರಿನ್ ಹುದುಗನ್ನು ಕೊಲ್ಲುತ್ತದೆ.

ತೊಳೆಯುವುದು ಬೇರೆ, ಕ್ರಿಮಿ ಕೊಲ್ಲುವುದು ಬೇರೆ. ಜಿಡ್ಡು ಉಳಿದ ಮೇಲೆ ಬ್ಲೀಚ್ ಹಾಕಿ ಪ್ರಯೋಜನ ಇಲ್ಲ. ಮೊದಲು ಸೋಪಿನಲ್ಲಿ ತಿಕ್ಕಿ ತೊಳೆಯಿರಿ. ಆಮೇಲೆ ಮನೆಬಳಕೆಯ ಪರಿಮಳವಿಲ್ಲದ ಬ್ಲೀಚ್ ಲೀಟರಿಗೆ 5 ಮಿ.ಲೀ. ಹಾಕಿ 10 ನಿಮಿಷ ಬಿಟ್ಟು, ಕುದಿಸಿ ಆರಿಸಿದ ನೀರಿನಲ್ಲಿ ಎರಡು ಸಲ ಜಾಲಾಡಿ. ಬ್ಲೀಚಿಗೆ ವಿನೆಗರನ್ನೋ ಉಳಿದ ಕೊಂಬುಚಾವನ್ನೋ ಯಾವತ್ತೂ ಸೇರಿಸಬೇಡಿ, ಕ್ಲೋರಿನ್ ಗ್ಯಾಸು ಏಳುತ್ತದೆ.

ಕುಂಬಳೆಯಿಂದ

ಹುದುಗಿಗೆ ಬೆಲ್ಲ ಧಾರಾಳ ಆಗ್ತದೆ, ಸಕ್ಕರೆಗಿಂತ ಬೇಗ ಏಳುತ್ತದೆ. ಕೊಂಬುಚಾಕ್ಕೆ ಬೇಡ, ವಾಸನೆ ಬದಲಾಗ್ತದೆ.

ಹುದುಗು ಮಾಡಲಿಕ್ಕೆ 400 ಮಿ.ಲೀ. ಆರಿದ ನೀರಿಗೆ ಸಿಪ್ಪೆ ಸಮೇತ ತುರಿದ ಶುಂಠಿ 15 ಗ್ರಾಂ, ಬೆಲ್ಲ 15 ಗ್ರಾಂ, ದಿನಕ್ಕೊಮ್ಮೆ ಅಷ್ಟಷ್ಟೇ ಸೇರಿಸಿ ಕಲಕುತ್ತಾ ಇರಿ. ಬೇಕಾದ ಯೀಸ್ಟು ಸಿಪ್ಪೆಯಲ್ಲೇ ಇರುವುದು, ಹಾಗಾಗಿ ಸಿಪ್ಪೆ ಕೆರೆಯಬೇಡಿ, ಮಣ್ಣು ಹೋಗುವಷ್ಟು ತೊಳೆದರೆ ಸಾಕು. ಮೂರನೇ ನಾಲ್ಕನೇ ದಿನ ಚಮಚ ಆಡಿಸಿದ ಕೂಡಲೇ ಬುಳ್ಳನೆ ನೊರೆ ಏಳಬೇಕು. ಐದು ದಿನ ಆದರೂ ಏಳದಿದ್ದರೆ ಶುಂಠಿ ಬದಲಿಸಿ, ತೋಟದ್ದು ಸಿಕ್ಕಿದರೆ ಒಳ್ಳೆಯದು.

ಇನ್ನು 5 ಲೀಟರ್ ಸೋಡಾಕ್ಕೆ ಶುಂಠಿ 150 ಗ್ರಾಂ ಜಜ್ಜಿ ಒಂದೂವರೆ ಲೀಟರ್ ನೀರಿನಲ್ಲಿ 15 ನಿಮಿಷ ಕುದಿಸಿ, ಸಕ್ಕರೆ 300 ಗ್ರಾಂ ಕರಗಿಸಿ, ಸೋಸಿ, ತಣ್ಣೀರು ಸೇರಿಸಿ. 30 ಡಿಗ್ರಿಗೆ ಬಂದ ಮೇಲೆ ಲಿಂಬೆರಸ 150 ಮಿ.ಲೀ., ಸೋಸಿದ ಹುದುಗು 250 ಮಿ.ಲೀ. ಕಲಕಿ, ಆಗಲೇ ಲ್ಯಾಕ್ಟೋಮೀಟರಿನ ಮೊದಲ ಅಳತೆ ಬರೆದಿಡಿ, ನೇರ ಪೆಟ್ ಬಾಟ್ಲಿಗೆ ತುಂಬಿಸಿ. ಫ್ರಿಜ್ಜಿಗೆ ಹೋದ ಮೇಲೂ ಹುದುಗು ಪೂರ್ತಿ ನಿಲ್ಲುವುದಿಲ್ಲ, ನಿಧಾನ ಆಗ್ತದೆ ಅಷ್ಟೆ. ವಾರದೊಳಗೆ ಕುಡಿದು ಮುಗಿಸಿ.