ಡ್ರೈನೇಜ್ ಬಗ್ಗೆ ತಪ್ಪು ಸಲಹೆ ಕೊಟ್ಟ ಕಂಟ್ರಾಕ್ಟರ್ ಮೇಲೆ ಕೇಸ್ ಹಾಕ್ಬೋದಾ? ವಕೀಲರಿಗೆ ಕೇಳಿ

ವಿನೋಬನಗರ: ಸರ್ ನಮಸ್ಕಾರ. ಹೋದ ವರ್ಷ ದಾವಣಗೆರೇಲಿ ಮನೆ ಕಟ್ಟಿಸಿದ್ವಿ. ತಾರಸಿ ಮಳೆನೀರಿನ ಪೈಪನ್ನೂ ಟಾಯ್ಲೆಟ್ ಲೈನಿಗೇ ಸೇರಿಸೋಣ, ಖರ್ಚು ಉಳಿತದೆ ಅಂತ ಕಂಟ್ರಾಕ್ಟರ್ರೇ ಹೇಳಿದ್ದು. ಈಗ ಜೋರು ಮಳೆ ಬಂದ್ರೆ ಬಾತ್‌ರೂಮಲ್ಲಿ ಹೊಲಸು ನೀರು ಉಕ್ಕತೈತಿ, ಅಡುಗೆಮನೆ ಗೋಡೆ ಬಿರುಕು ಬಿಟ್ಟೈತಿ. ಕೇಳಿದ್ರೆ, ನಾನು ಸಲಹೆ ಕೊಟ್ಟೆ ಅಷ್ಟೇ, ಒಪ್ಪಿದ್ದು ನೀವು, ಪೈಪ್ ತಂದಿದ್ದೂ ನೀವು ಅಂತಾರೆ. ಅಗ್ರಿಮೆಂಟ್ ಇಲ್ಲ.

ವಕೀಲರು: ದುಡ್ಡು ತಗೊಂಡು ಮಾಡೋ ಕೆಲಸದ ಜೊತೆ ಕೊಟ್ಟ ಸಲಹೇನೂ ಸೇವೇನೇ, ಅದು ತಪ್ಪಾದ್ರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಸೇವಾ ಲೋಪ ಅಂತ ಕೇಳ್ಬೋದು. ಬಾಯಿಮಾತಿನ ಕರಾರೂ ಕರಾರೇ, ಆದ್ರೆ ರುಜುವಾತು ನಿಮ್ಮ ಮೇಲೆ. ಪೈಪ್ ಕಳಪೆ ಆಗಿದ್ರೆ ಅದು ನಿಮ್ಮ ಬಾಬ್ತು, ಮಳೆನೀರು ಸೇರಿಸಿದ್ದು ಅವರ ಬಾಬ್ತು, ಪೈಪಿಗೆ ಸ್ಲೋಪ್ ಕೊಡದೇ ಇದ್ರೆ ಅದೂ ಅವರದೇ. ನನಗೆ ಭಯ ಆಗ್ತಿರೋದು ಬಿರುಕಿನ ಬಗ್ಗೆ. ನಮ್ಮ ಕಡೆ ಎರೆಮಣ್ಣು ನೀರು ಕುಡಿದ್ರೆ ಉಬ್ಬತೈತಿ, ಒಣಗಿದ್ರೆ ಕುಗ್ಗತೈತಿ, ನೀರು ಪಾಯಕ್ಕೆ ಹೋಗ್ತಿದ್ರೆ ನಾಳೆ ಇನ್ನೊಂದು ಗೋಡೆ. ಹಾಗಂತ ಈಗಲೇ ಅಗೆಸಿಬಿಡಬೇಡಿ, ಸಾಕ್ಷಿ ಹೋಗ್ತದೆ. ಮೊದಲು ವಿಡಿಯೋ ಮಾಡಿ, ಬೇರೆ ಸಿವಿಲ್ ಇಂಜಿನಿಯರ್ ಕೈಲಿ ಪೈಪಿನ ಲೆವೆಲ್ ಹಿಡಿಸಿ ವರದಿ ಬರೆಸ್ಕೊಳ್ಳಿ, ಸ್ಪೀಡ್ ಪೋಸ್ಟಲ್ಲಿ ನೋಟಿಸ್ ಕೊಡಿ, ಆಮೇಲೆ ತಡ ಮಾಡದೆ ಮಳೆನೀರಿನ ಲೈನ್ ಬೇರೆ ಮಾಡಿಸಿ. ನಷ್ಟ ತಡೆಯೋ ದಾರಿ ಇದ್ದೂ ಸುಮ್ನೆ ಕೂತ್ರೆ ಪರಿಹಾರ ಕಡಿಮೆ ಆಗ್ತದೆ. ಕಂಟ್ರಾಕ್ಟರ್ ಕಳಿಸಿದ ವಾಟ್ಸಪ್ ವಾಯ್ಸ್ ನೋಟ್ ಇದ್ರೆ ಆ ಫೋನ್ ಮಾರಬೇಡಿ. ಎರಡು ವರ್ಷದ ಒಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗ್ಬೇಕು. ಕೊಟ್ಟ ಹಣ 5 ಲಕ್ಷದವರೆಗೆ ಇದ್ರೆ ಫೀ ಇಲ್ಲ.

ನಿಟುವಳ್ಳಿ: ಅಗ್ರಿಮೆಂಟ್ ಇಲ್ಲಾಂದ್ರೆ ಕೇಸ್ ನಿಲ್ಲುತ್ತಾ ಸರ್?

ವಕೀಲರು: ಮೇಲೆ ಬರೆದಿದೀನಿ.

ವಿದ್ಯಾನಗರ: ಫಾರ್ವರ್ಡ್ ಬಂದಿದ್ದು, ಆಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಸುರಿದ್ರೆ ಎಂಥ ಬ್ಲಾಕೂ ಹೋಗ್ತದಂತೆ

ವಕೀಲರು: ದಯವಿಟ್ಟು ಡಿಲೀಟ್ ಮಾಡಿ! ಅದರಿಂದ ಕ್ಲೋರಿನ್ ವಿಷಗಾಳಿ ಬರ್ತದೆ, ಬಾಗಿಲು ಹಾಕಿದ ಬಾತ್‌ರೂಮಲ್ಲಿ ಜೀವಕ್ಕೇ ಅಪಾಯ. ಟಾಯ್ಲೆಟ್ ಗುಂಡಿಗೆ ಆಳು ಇಳಿಸೋದೂ ಬೇಡ, ರಕ್ಷಣಾ ಸಾಧನ ಇಲ್ಲದೆ ಇಳಿಸಿದ್ರೆ ಮಲ ಹೊರುವ ಪದ್ಧತಿ ನಿಷೇಧಿಸೋ 2013ರ ಕಾಯ್ದೆ ಪ್ರಕಾರ ಅಪರಾಧ.

ಹರಿಹರ: ಪಕ್ಕದ್ಮನೆ ಮೇಸ್ತ್ರಿ ಪುಕ್ಕಟೆ ಹೇಳಿಕೊಟ್ಟಿದ್ದು, ಅವನ ಮೇಲೂ ಹಾಕ್ಬೋದಾ?

ವಕೀಲರು: ಪುಕ್ಕಟೆ ಸಲಹೆಗೆ ಗ್ರಾಹಕ ಆಯೋಗ ಇಲ್ಲ.

ಚನ್ನಗಿರಿ: ನಾನೂ ಕಂಟ್ರಾಕ್ಟರೇ. ಓನರ್‌ಗಳು ಚೇಂಬರ್ (ಲೈನ್ ತೆರೆದು ನೋಡೋ ಗುಂಡಿ) ಬೇಡ, ಖರ್ಚು ಕಡಿಮೆ ಮಾಡಿ ಅಂತ ಕೂತ್ಕೊತಾರೆ, ಆಮೇಲೆ ಎಲ್ಲಾ ನಮ್ಮ ತಲೆಗೆ ಕಟ್ತಾರೆ.

ವಿನೋಬನಗರ: ನಾವೇನು ಬೇಡ ಅಂದಿಲ್ರಿ, ಸುಮ್ನೆ ಮಾತಾಡಬೇಡಿ

ಚನ್ನಗಿರಿ: ನಿಮಗೆ ಹೇಳಿದ್ನಾ? ಎಷ್ಟು ಮನೇಲಿ ನೋಡೀನಿ ನಾನು

ನಿಟುವಳ್ಳಿ: ಮೂವತ್ತು ವರ್ಷದ ಅನುಭವ ಅಂತ ದುಡ್ಡು ಇಸ್ಕೊಳ್ಳೋವಾಗ ಈ ಮಾತು ಬರಲ್ವಲ್ಲ

ವಕೀಲರು: ಕಂಟ್ರಾಕ್ಟರ್ರೇ, ಓನರ್ ಹಠ ಮಾಡಿದ್ರೆ ಹಾಗೆ ಮಾಡೋದು ಬೇಡ ಅಂತ ಅವರಿಗೆ ಮೆಸೇಜ್ ಹಾಕಿಡಿ, ನಾಳೆ ನಿಮ್ಮನ್ನ ಉಳಿಸೋದು ಅದೇ. ಜಗಳ ಇಲ್ಲಿ ಬೇಡ.

ಜಗಳೂರು: ನಮ್ಮನೆ ಕಟ್ಟಿ ನಾಕು ವರ್ಷ ಆತು, ಈಗ ಸೋರ್ತೈತಿ, ಟೈಮ್ ಮುಗೀತಾ ಸರ್?

ಎಸ್‌.ಎಸ್‌. ಬಡಾವಣೆ: ಸರ್ ಅಗ್ರಿಮೆಂಟ್ ಇಲ್ದಿದ್ರೆ?

ವಕೀಲರು: ಮೂರನೇ ಸಲ. ಮೇಲೆ ಓದ್ರಿ. ವಿನೋಬನಗರದೋರು ಬಿರುಕಿನ ಫೋಟೋ ಇವತ್ತೇ ಕಳಿಸಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೀರಿ.