ಕ್ರೂಸ್ ಇಲ್ಲದೆ ಗಲಾಪಗೋಸ್: ಹೋಗಿ ಬಂದವರು ದಯವಿಟ್ಟು ಹೇಳಿ

ಪ್ರಶ್ನೆ: ನಾನು ಡಲ್ಲಾಸ್‌ನಲ್ಲಿದ್ದೇನೆ. ಡಿಸೆಂಬರ್‌ನಲ್ಲಿ ಮೈಸೂರಿನಿಂದ ಅಮ್ಮ ಬರ್ತಿದ್ದಾರೆ, ಅವರಿಗೆ 62. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿದವರು. ಡಾರ್ವಿನ್ ಓಡಾಡಿದ ಗಲಾಪಗೋಸ್ ದ್ವೀಪಗಳನ್ನು ಒಮ್ಮೆ ನೋಡಬೇಕು ಅನ್ನೋದು ಅವರ ಆಸೆ. ಹಡಗಿನಲ್ಲೇ ಉಳಿದು ದ್ವೀಪ ಸುತ್ತುವ ಕ್ರೂಸ್‌ನ ದರ ಕೇಳಿಯೇ ಎದೆ ಧಸಕ್ಕೆಂದಿತು. ನಮ್ಮ ಪಾಡಿಗೆ ನಾವೇ ಕಡಿಮೆ ಖರ್ಚಿನಲ್ಲಿ ಹೋಗಿ ಬರಬಹುದಾ? ಇಬ್ಬರೂ ಸಸ್ಯಾಹಾರಿಗಳು.

ಉತ್ತರ 1: ಧಾರಾಳವಾಗಿ ಹೋಗಬಹುದು. ನಾನೂ ನನ್ನ ಹೆಂಡತಿಯೂ 11 ದಿನ ಇದ್ದು ಬಂದೆವು, ಒಂದು ರಾತ್ರಿಯೂ ಹಡಗಿನಲ್ಲಿ ಮಲಗಲಿಲ್ಲ. ಸಾನ್ ಕ್ರಿಸ್ಟೋಬಲ್, ಸಾಂಟಾ ಕ್ರೂಸ್, ಇಸಬೆಲಾ ಮೂರರಲ್ಲೂ ಊರುಗಳಿವೆ, ಸಾಧಾರಣ ರೂಮುಗಳು ಸಿಗುತ್ತವೆ. ಈ ದ್ವೀಪಗಳು ಈಕ್ವೆಡಾರ್ ದೇಶಕ್ಕೆ ಸೇರಿದವು, ಭಾರತದ ಪಾಸ್‌ಪೋರ್ಟ್ ಆದರೆ ಅಲ್ಲಿನ ವೀಸಾ ವಿಚಾರ ಮೊದಲು ಕಾನ್ಸುಲೇಟಿನಲ್ಲಿ ಕೇಳಿ, ಆಮೇಲೆ ಟಿಕೆಟ್ ತೆಗೀರಿ.

ತಪ್ಪಿಸಿಕೊಳ್ಳಲಾಗದ ಖರ್ಚು ಮೊದಲೇ ಹೇಳಿಬಿಡ್ತೇನೆ. ರಾಷ್ಟ್ರೀಯ ಉದ್ಯಾನದ ಪ್ರವೇಶ ಶುಲ್ಕ 2024ರ ಆಗಸ್ಟ್‌ನಿಂದ ವಿದೇಶಿ ವಯಸ್ಕರಿಗೆ 200 ಡಾಲರ್. ದ್ವೀಪಕ್ಕೆ ವಿಮಾನ ಹತ್ತುವ ಮುಂಚೆ ಈಕ್ವೆಡಾರ್‌ನ ಕೀಟೋ ಅಥವಾ ಗ್ವಾಯಾಕಿಲ್ ವಿಮಾನ ನಿಲ್ದಾಣದಲ್ಲಿ ಮಾಡಿಸುವ ಟ್ರಾನ್ಸಿಟ್ ಕಾರ್ಡಿಗೆ 20. ಇಸಬೆಲಾದಲ್ಲಿ ಇಳಿದರೆ ಇನ್ನೊಂದು 10. ಎಲ್ಲಾ ನಗದು ಇಟ್ಟುಕೊಳ್ಳಿ. ಅಲ್ಲಿ ನಡೆಯೋದು ಅಮೆರಿಕನ್ ಡಾಲರೇ, ಹಾಗಾಗಿ ಬದಲಾಯಿಸುವ ತಲೆನೋವಿಲ್ಲ. ಇಸಬೆಲಾದಲ್ಲಿ ಮಾತ್ರ ಎಟಿಎಂ ನಂಬಿ ಹೋಗಬೇಡಿ.

ನಾವು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಹೋಗಿ ಬರೋದು ಎರಡೂ ಸಾಂಟಾ ಕ್ರೂಸ್ ಪಕ್ಕದ ಬಾಲ್ಟ್ರಾ ವಿಮಾನ ನಿಲ್ದಾಣದಿಂದಲೇ ಅಂತ ಟಿಕೆಟ್ ತೆಗೆದಿದ್ದೆವು. ಸಾನ್ ಕ್ರಿಸ್ಟೋಬಲ್‌ನಲ್ಲೂ ವಿಮಾನ ನಿಲ್ದಾಣ ಇದೆ. ಅಲ್ಲಿ ಇಳಿದು ಬಾಲ್ಟ್ರಾದಿಂದ ಹೊರಟರೆ ಒಂದು ದೋಣಿ ಪ್ರಯಾಣ ಉಳಿಯುತ್ತೆ. ನಿಮ್ಮ ಅಮ್ಮನವರಿಗೆ ಇನ್ನೊಂದು ಕಾರಣಕ್ಕೂ ಇದೇ ದಾರಿ ಚೆಂದ. ಡಾರ್ವಿನ್ 1835ರ ಸೆಪ್ಟೆಂಬರ್‌ನಲ್ಲಿ ಮೊದಲು ಕಾಲಿಟ್ಟದ್ದು ಸಾನ್ ಕ್ರಿಸ್ಟೋಬಲ್‌ನಲ್ಲೇ. ನೆಲದಡಿ ಲಾವಾ ಉಕ್ಕುವ ಜಾಗ ಇದ್ದಲ್ಲೇ ಇದೆ, ದ್ವೀಪಗಳನ್ನು ಹೊತ್ತ ಮೇಲಿನ ಭೂಪದರದ ತುಂಡು, ನಾಸ್ಕಾ ಫಲಕ, ಪೂರ್ವಕ್ಕೆ ಸರಿಯುತ್ತಾ ಹೋಗುತ್ತೆ. ಹಾಗಾಗಿ ಪೂರ್ವದ ಸಾನ್ ಕ್ರಿಸ್ಟೋಬಲ್ ಹಳೇ ದ್ವೀಪ, ಪಶ್ಚಿಮದ ಇಸಬೆಲಾ ಎಳೆಯದು. ಅದರಾಚೆಯ ಫರ್ನಾಂಡಿನಾ 2024ರ ಮಾರ್ಚ್‌ನಲ್ಲೂ ಲಾವಾ ಉಗುಳಿತು. ಪೂರ್ವದಿಂದ ಪಶ್ಚಿಮಕ್ಕೆ ಹೋದರೆ ಹಣ್ಣಾದ ನೆಲದಿಂದ ಹಸಿ ನೆಲದ ಕಡೆಗೆ ನಡೆದ ಹಾಗೆ. ಹಸಿರು ತೆಳುವಾಗುತ್ತಾ ಬಂದು ಕೊನೆಗೆ ಬರೀ ಕಪ್ಪು ಕಲ್ಲು.

ಪುಕ್ಕಟೆಯಾಗಿ ನೋಡೋದೇ ಬೇಕಾದಷ್ಟಿದೆ. ಸಾನ್ ಕ್ರಿಸ್ಟೋಬಲ್‌ನ ದಂಡೆಯ ಬೆಂಚುಗಳ ಮೇಲೆ ಸೀ ಲಯನ್‌ಗಳು ನಿದ್ದೆ ಹೊಡೀತಿರ್ತವೆ, ಜನ ನಿಂತುಕೊಂಡಿರ್ತಾರೆ. ಸಾಂಟಾ ಕ್ರೂಸ್‌ನಲ್ಲಿ ಟೋರ್ಟುಗಾ ಬೇಗೆ ಎರಡೂವರೆ ಕಿಲೋಮೀಟರ್ ಕಲ್ಲುಹಾಸಿನ ದಾರಿ. ಮೊದಲು ಸಿಗುವ ದೊಡ್ಡ ಕಡಲತೀರದಲ್ಲಿ ಸೆಳೆತ ಜಾಸ್ತಿ, ನೀರಿಗಿಳಿಯಬೇಡಿ. ಮುಂದೆ ನಡೆದರೆ ಶಾಂತವಾದ ಕೊಲ್ಲಿ ಸಿಗುತ್ತೆ. ದುಡ್ಡು ಹಾಕೋದಾದರೆ ಒಂದೇ ಒಂದು ಡೇ ಟೂರಿಗೆ ಹಾಕಿ. ಒಬ್ಬರಿಗೆ 150 ಡಾಲರ್ ದಾಟಬಹುದು. ಮೂರು ಟೂರ್ ಮಾಡಿದರೆ ಕ್ರೂಸ್‌ಗೆ ಹೋಗದೆ ಉಳಿಸಿದ್ದು ಅಲ್ಲೇ ಕರಗಿಹೋಗುತ್ತೆ.

ಉತ್ತರ 2: ದೋಣಿ ಬಗ್ಗೆ ಒಂದು ಮಾತು. ದ್ವೀಪದಿಂದ ದ್ವೀಪಕ್ಕೆ ಹೋಗುವ ಲಾಂಚಾಗಳು ಚಿಕ್ಕವು, ಎರಡು ಗಂಟೆ ಎತ್ತಿ ಎತ್ತಿ ಕುಕ್ಕುತ್ತವೆ. ನಾವು ಹೋದಾಗ ಒಂದು ಸಲಕ್ಕೆ 30-35 ಡಾಲರ್. ನನ್ನ ಮಾವನವರಿಗೆ ಬೆನ್ನುನೋವು ಇತ್ತು. ಮೊದಲ ಸಲ ಮುಂದುಗಡೆ ಕೂರಿಸಿದ್ದೆ, ಪಾಪ, ಇಳಿಯೋ ಹೊತ್ತಿಗೆ ಮಾತೇ ಹೊರಡುತ್ತಿರಲಿಲ್ಲ. ಎಲ್ಲರಿಗಿಂತ ಮುಂಚೆ ಸಾಲಿನಲ್ಲಿ ನಿಂತು ಹಿಂದೆ, ಎಂಜಿನ್ ಹತ್ತಿರ ಸೀಟು ಹಿಡೀರಿ. ವಾಂತಿ ಮಾತ್ರೆಯನ್ನು ಅರ್ಧ ಗಂಟೆ ಮುಂಚೆಯೇ ಕೊಡಿ. ಮತ್ತೆ, ಕ್ರಿಸ್‌ಮಸ್ ವಾರದಲ್ಲಿ ರೂಮಿನ ಬಾಡಿಗೆ ಏರುತ್ತೆ. ಜನವರಿ ನಡುವಿಗೆ ತಳ್ಳಲು ಆಗುತ್ತಾ ನೋಡಿ, ಆಗ ನೀರೂ ಬೆಚ್ಚಗಿರುತ್ತೆ.

ಉತ್ತರ 3: ಊಟದ ಚಿಂತೆ ಬೇಡ ಅಕ್ಕ. ಮಧ್ಯಾಹ್ನ 'ಅಲ್ಮುಯೆರ್ಸೊ' (ಮಧ್ಯಾಹ್ನದ ಊಟ) ಅಂತ ಬೋರ್ಡು ಹಾಕಿದ ಚಿಕ್ಕ ಹೋಟೆಲುಗಳಿಗೆ ಹೋಗಿ, ದಂಡೆಯ ಪ್ರವಾಸಿ ಹೋಟೆಲುಗಳಿಗಿಂತ ಎಷ್ಟೋ ಅಗ್ಗ. ಮಾಂಸ, ಮೀನು ಬೇಡ, 'ಅರೋಸ್ ಕಾನ್ ಮೆನೆಸ್ತ್ರಾ' ಕೊಡಿ ಅನ್ನಿ. ಅನ್ನ, ಗಟ್ಟಿ ಕಾಳಿನ ಸಾರು, ಜೊತೆಗೆ ಬಾಳೆಕಾಯಿ ಚಪ್ಪಟೆ ಮಾಡಿ ಕರಿದ ಪತಕೋನ್. ಕಾಳು ಬೇಯಿಸುವಾಗ ಮಾಂಸ ಹಾಕಿದ್ದಾರಾ ಅಂತ ಕೇಳಿಕೊಳ್ಳಿ. ನಲ್ಲಿ ನೀರು ಕುಡಿಯಬೇಡಿ.

ನಾನು ಒಗ್ಗರಣೆಗೆ ಅಂತ ಸಾಸಿವೆ, ಮೆಂತ್ಯದ ಪೊಟ್ಟಣ ಒಯ್ದಿದ್ದೆ. ತಪಾಸಣೆಯಲ್ಲಿ ತೆಗೆದಿಟ್ಟುಕೊಂಡರು. ಹಣ್ಣು, ಬೀಜ, ಗಿಡ ಯಾವುದಕ್ಕೂ ಅಲ್ಲಿ ಪ್ರವೇಶವಿಲ್ಲ. ಆಗ ಬೇಜಾರಾಯ್ತು. ಆಮೇಲೆ ಗುಡ್ಡದ ಮೇಲೆ ಎಲ್ಲಿ ನೋಡಿದರೂ ಸೀಬೆ ಗಿಡ! ಹೊರಗಿನಿಂದ ಬಂದ ಆ ಸೀಬೆ ಅಲ್ಲಿನ ಮೂಲ ಗಿಡಗಳನ್ನು ಹಿಸುಕಿ ಹಾಕುತ್ತಿರೋದನ್ನು ಕಣ್ಣಾರೆ ಕಂಡ ಮೇಲೆ, ಅವರು ಸಾಸಿವೆ ಹಿಡಿದದ್ದು ಸರಿ ಅನ್ನಿಸಿತು. ಚಟ್ನಿಪುಡಿಯನ್ನೂ ಮನೆಯಲ್ಲೇ ಬಿಡಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ತುಂಬಾ ಥ್ಯಾಂಕ್ಸ್. ದೋಣಿ ವಿಷಯ ಓದಿ ಇಸಬೆಲಾ ಬಿಟ್ಟುಬಿಡೋಣ ಅನ್ನಿಸ್ತಿದೆ. ಅಮ್ಮ ನಿಧಾನವಾಗಿ ನಡೀತಾರೆ.

ಉತ್ತರ 1: ದಯವಿಟ್ಟು ಬಿಡಬೇಡಿ. ಬೇಕಾದರೆ ಸಾಂಟಾ ಕ್ರೂಸ್‌ನಲ್ಲಿ ಒಂದು ದಿನ ಕಡಿಮೆ ಮಾಡಿ, ಇಸಬೆಲಾದಲ್ಲಿ ನಾಲ್ಕು ರಾತ್ರಿ ಇರಿ. ಸಿಯೆರಾ ನೆಗ್ರಾ ಜ್ವಾಲಾಮುಖಿಗೆ ಗೈಡ್ ಕಡ್ಡಾಯ, ಪೂರ್ತಿ ನಡೆದರೆ ಹೋಗಿ ಬರಲು ಸುಮಾರು 16 ಕಿಲೋಮೀಟರ್. ಅಮ್ಮನವರಿಗೆ ಅಷ್ಟು ಬೇಡ. ಹತ್ತು ಕಿಲೋಮೀಟರ್ ಅಗಲದ ಬಾಯಿ ಕಾಣುವ ಅಂಚಿನ ತನಕ ಹೋಗಿ ತಿರುಗಿ ಬರಬಹುದಾ ಅಂತ ಗೈಡ್ ಹತ್ತಿರ ಮೊದಲೇ ಮಾತಾಡಿ. 2018ರಲ್ಲಿ ಸಿಡಿದ ಜ್ವಾಲಾಮುಖಿ ಅದು.

ಆಗದಿದ್ದರೂ ಚಿಂತೆಯಿಲ್ಲ. ದೋಣಿಕಟ್ಟೆಯ ಪಕ್ಕದಲ್ಲೇ ಕಾಂಚಾ ದೆ ಪೆರ್ಲಾ ಅನ್ನೋ ಪುಟ್ಟ ಕೊಲ್ಲಿ ಇದೆ, ಕಾಂಡ್ಲಾ ಗಿಡಗಳ ನಡುವೆ ಮರದ ಕಾಲುದಾರಿ. ನಾವು ಹೋದಾಗ ಒಂದು ಸೀ ಲಯನ್ ದಾರಿಗೆ ಅಡ್ಡ ಮಲಗಿತ್ತು. ಪ್ರಾಣಿಗಳಿಂದ ಎರಡು ಮೀಟರ್ ದೂರ ಇರಬೇಕು ಅನ್ನೋದು ನಿಯಮ, ದಾಟಲು ಜಾಗ ಇಲ್ಲ. ಇಪ್ಪತ್ತು ನಿಮಿಷ ಕಾದೆವು. ಪಕ್ಕದ ಕಲ್ಲಿನ ಮೇಲೆ ದೊಡ್ಡ ಹಲ್ಲಿಯಂಥ ಕಡಲ ಇಗ್ವಾನಾಗಳು ಬಿಸಿಲಿಗೆ ಮೈಚಾಚಿ ಮೂಗಿನಿಂದ ಫಕ್ ಫಕ್ ಅಂತ ಉಪ್ಪುನೀರು ಚಿಮ್ಮಿಸುತ್ತಿದ್ದವು. ಆಚೆಗೆ ಹೋಗಿ ನೀರಿಗಿಳಿದದ್ದಕ್ಕಿಂತ ಆ ಇಪ್ಪತ್ತು ನಿಮಿಷವೇ ನಮಗೆ ಹೆಚ್ಚು ನೆನಪಿದೆ. ಅಮ್ಮನವರಿಗೆ ಒಂದು ಟೋಪಿ, ಕೂರಲು ಒಂದು ಟವೆಲ್ ಇಟ್ಟುಕೊಳ್ಳಿ. ಅಲ್ಲಿ ನಿಧಾನವಾಗಿ ನಡೆಯುವವರಿಗೇ ಜಾಸ್ತಿ ಕಾಣೋದು.